ನಡುವೆ ಒಂದು ನಾಯಿ

ಆ ಮನೆಯಲ್ಲಿ ಇದ್ದವರು ಇಬ್ಬರು, ಇಬ್ಬರೂ ಮಾತಾಡುತ್ತಿದ್ದುದು ನಾಯಿಯ ಜೊತೆ. ಅಕ್ಕ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುವವಳು. ತಮ್ಮ ಎರಡು ಬೀದಿಯಾಚೆ ವಾಚು ರಿಪೇರಿ ಅಂಗಡಿ ಇಟ್ಟವನು. ಇಬ್ಬರಿಗೂ ಮದುವೆ ಕೂಡಿಬರಲಿಲ್ಲ, ಜಗಳ ಮಾತ್ರ ಚೆನ್ನಾಗಿ ಕೂಡಿಬಂತು. ಹನ್ನೊಂದು ವರ್ಷದ ಹಿಂದೆ ತಾಯಿ ತೀರಿಕೊಂಡ ದಿನ, ನೆರೆದವರ ಎದುರಿಗೇ ತಮ್ಮ, "ಮಾತ್ರೆ ಕೊಡೋದು ಮರೆತು ಅಮ್ಮನ್ನ ಕೊಂದೆ ನೀನು" ಎಂದುಬಿಟ್ಟಿದ್ದ. ಅವಳು ಮಾತ್ರೆ ಮರೆತಿರಲಿಲ್ಲ. ಆಮೇಲೆ ಡಾಕ್ಟರೂ ಅವಳದೇನೂ ತಪ್ಪಿಲ್ಲವೆಂದೇ ಹೇಳಿದರು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕ್ಷಮೆ ಕೇಳಲು ಅವನಿಗೆ ಬಾಯಿ ಬರಲಿಲ್ಲ, ಬಾಯಿ ಬಿಡಲು ಇವಳಿಗೆ ಮನಸ್ಸು ಬರಲಿಲ್ಲ.

ಎರಡು ವರ್ಷ ಹಾಗೇ ಕಳೆದ ಮೇಲೆ ಗುಂಡಿ ಬಂತು. ಅಕ್ಕನ ಗಿರಾಕಿಯೊಬ್ಬಳು ಮನೆ ಬದಲಾಯಿಸುವಾಗ ಬಿಟ್ಟುಹೋದ ಟೆರಿಯರ್ ಜಾತಿಯ ನಾಯಿಮರಿ. ಗಾತ್ರ ಬೆಕ್ಕಿನದು, ಅಹಂಕಾರ ಹುಲಿಯದು. ಮುಖದ ತುಂಬ ಒರಟು ಗಡ್ಡ, ಎರಡು ಕಪ್ಪು ಕಣ್ಣು. ಕಣ್ಣು ಅಂಗಿಯ ಗುಂಡಿಯ ಹಾಗಿವೆಯೆಂದು ಅಕ್ಕ ಆ ಹೆಸರಿಟ್ಟಳು. ಅದು ಹಿತ್ತಲ ತುಂಬ ಇಲಿಬಿಲ ಹುಡುಕಿ ತೋಡಿಟ್ಟದ್ದನ್ನು ಕಂಡ ತಮ್ಮ, ಹೆಸರು ಸರಿಯಾಗೇ ಇದೆ ಅಂದುಕೊಂಡ.

ಮನೆಯ ಮಾತುಕತೆಯೆಲ್ಲ ಅದರ ತಲೆಯ ಮೇಲೆ ಬಿತ್ತು. "ಗುಂಡೀ, ನಿನ್ನ ಮಾವನಿಗೆ ಹೇಳು, ಊಟ ಆರ್ತಾ ಇದೆ." "ಗುಂಡೀ, ನಿನ್ನ ಅಮ್ಮನಿಗೆ ಹೇಳು, ನನಗೇನು ಕಿವುಡಾ?" ನಾಯಿ ಒಮ್ಮೆ ಅವಳ ಮುಖ, ಒಮ್ಮೆ ಅವನ ಮುಖ ನೋಡುತ್ತ ಬಾಲ ಅಲ್ಲಾಡಿಸುತ್ತಿತ್ತು. ಬೀದಿಯವರು ನಗುತ್ತಿದ್ದರು. ನಗಲಿ ಬಿಡಿ, ಆ ಪುಟ್ಟ ಪ್ರಾಣಿ ಇಲ್ಲದಿದ್ದರೆ ಅಕ್ಕನಿಗೆ ಒಡಹುಟ್ಟಿದವನ ದನಿಯೂ ಮರೆತುಹೋಗುತ್ತಿತ್ತು. ಅದನ್ನು ಅವಳು ಬಲ್ಲಳು. ಅದಕ್ಕೇ ಗುಂಡಿಗೆ ಎಂಟು ತುಂಬಿದಾಗ ಸಕ್ಕರೆ ಕಾಯಿಲೆ ಎಂದು ತಿಳಿದು ಅವಳ ಎದೆ ಧಸಕ್ಕೆಂದಿತು.

ದಿನಕ್ಕೆ ಎರಡು ಇಂಜೆಕ್ಷನ್ ಎಂದರು ಪ್ರಾಣಿವೈದ್ಯರು. ಬೆಳಗಿನದು ಅಕ್ಕನ ಪಾಲು. ಸಂಜೆ ಆರಕ್ಕೆ ಊಟ ಹಾಕುವವಳು ಅವಳು, ಸೂಜಿ ಚುಚ್ಚುವವನು ಅವನು. ಅಂಗೈಯಗಲದ ಮೈಗೆ ಸಿರಿಂಜಿನ ಎರಡೇ ಎರಡು ಗೆರೆ ಔಷಧಿ. ತಮ್ಮ ವಾಚು ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು ಅದನ್ನು ತುಂಬುತ್ತಿದ್ದ. ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಒಂದು ವರ್ಷ ಹೀಗೇ ಸಾಗಿತು.

ಆ ದಿನ ಬೆಳಿಗ್ಗೆ ತಮ್ಮ ನಾಯಿಗೆ ಹೇಳಿದ: "ಗುಂಡೀ, ಇವತ್ತು ದೊಡ್ಡ ಗೋಡೆ ಗಡಿಯಾರ ಬಿಚ್ಚೋದಿದೆ, ಬರೋದು ತಡ ಆಗುತ್ತೆ." ಅಕ್ಕ ಕೇಳಿಸಿಕೊಂಡಳು. ಅವಳಿಗೂ ಆಸ್ಪತ್ರೆಯ ದಾದಿಯರ ಸಮವಸ್ತ್ರ ತಲುಪಿಸುವುದಿತ್ತು. ಹಾಗಾಗಿ ಐದೂವರೆಗೇ ಗುಂಡಿಗೆ ಊಟ ಹಾಕಿ, ಕತ್ತಿನ ಹಿಂದೆ ಚರ್ಮ ಎತ್ತಿ ಹಿಡಿದು ಇಂಜೆಕ್ಷನ್ ಕೊಟ್ಟಳು. ಅವಸರದಲ್ಲಿ ಖಾಲಿ ಸಿರಿಂಜನ್ನು ಟೇಪು, ಸೂಜಿ ಇರುವ ತನ್ನ ಚೀಲಕ್ಕೇ ತುರುಕಿದಳು. ಬಟ್ಟೆಯ ಗಂಟು ಹೊತ್ತು ಬಾಗಿಲಿಗೆ ಬಂದರೆ ತಮ್ಮ ಎದುರಿಗೇ ನಿಂತಿದ್ದಾನೆ. ಕೆಲಸ ಬೇಗ ಮುಗಿದಿತ್ತು.

ಹೇಳಬೇಕಾದದ್ದು ಎರಡೇ ಮಾತು: ಇಂಜೆಕ್ಷನ್ ಕೊಟ್ಟಾಯ್ತು. ಆದರೆ ಹೇಳಲು ನಾಯಿ ಇರಲಿಲ್ಲ. ಅದು ಹಿತ್ತಲಲ್ಲಿ ತಲೆಯನ್ನು ಬಿಲದೊಳಗೆ ತೂರಿಸಿ ಮಣ್ಣು ಹಾರಿಸುತ್ತಿತ್ತು. "ಗುಂಡೀ" ಎಂದು ಕೂಗಿದಳು. ಇಲಿಯ ವಾಸನೆ ಹಿಡಿದ ಟೆರಿಯರ್‌ಗೆ ದೇವರು ಕರೆದರೂ ಕೇಳಿಸದು. ಇನ್ನೊಮ್ಮೆ ಕೂಗಿದಳು. ತಮ್ಮ ತಲೆ ತಗ್ಗಿಸಿ ಚಪ್ಪಲಿ ಬಿಡುತ್ತಿದ್ದ. ಅವಳ ಬಾಯಿ ತೆರೆದದ್ದು ನಿಜ, ನಾಲಿಗೆ ಹೊರಳಲಿಲ್ಲ. ಹನ್ನೊಂದು ವರ್ಷ ಇಲ್ಲದ್ದು ಈಗ ನಾನೇ ಸೋತು ಆಡಬೇಕೇ? ಹೊರಗೆ ಆಟೋದವನು ಹಾರನ್ ಒತ್ತಿದ. ಹೇಗೂ ಕಣ್ಣಿದೆ, ನೋಡಿ ತಿಳಿದುಕೊಳ್ಳಲಿ ಎಂದು ಹೊರಟೇಬಿಟ್ಟಳು. ಎಂಥ ಹಾಳು ಹಟ! ನೋಡಿ ತಿಳಿಯಲು ಅಲ್ಲಿ ಏನಿತ್ತು? ಖಾಲಿ ಬಟ್ಟಲಿತ್ತು. ಸಂಜೆ ಬಟ್ಟಲು ಖಾಲಿಯಾಗಿದ್ದರೆ ಆ ಮನೆಯಲ್ಲಿ ಅರ್ಥ ಒಂದೇ: ಇನ್ನು ಸೂಜಿ ತಮ್ಮನದು.

ಅವಳು ಹಿಂತಿರುಗುವಾಗ ತಮ್ಮ ನಡುಮನೆಯ ನೆಲದ ಮೇಲೆ ಕೂತು, ಸೆಟೆದುಕೊಂಡು ಅದುರುತ್ತಿದ್ದ ನಾಯಿಯ ಒಸಡಿಗೆ ಸಕ್ಕರೆ ನೀರು ತಿಕ್ಕುತ್ತಿದ್ದ. ಅದೇ ಆಟೋದಲ್ಲಿ ಓಡಿದರು. ವೈದ್ಯರು ಗ್ಲೂಕೋಸ್ ಏರಿಸಿದರು, ಎದೆ ಒತ್ತಿದರು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು.

"ಔಷಧಿ ಜಾಸ್ತಿ ಹೋಗಿದೆ," ಎಂದರು ವೈದ್ಯರು ಮೆಲ್ಲಗೆ. "ಇಷ್ಟು ಚಿಕ್ಕ ನಾಯಿ, ಒಂದೆರಡು ಗೆರೆ ಹೆಚ್ಚಾದ್ರೂ ತಡೆಯಲ್ಲ."

"ಎರಡೇ ಗೆರೆ ತುಂಬಿದ್ದು ಡಾಕ್ಟ್ರೇ. ಸರಿಯಾಗಿ ನೋಡಿದ್ದೀನಿ," ಎಂದ ತಮ್ಮ. ಆಮೇಲೆ ಅವನು ಅವಳ ಕಡೆ ತಿರುಗಿದ. ನೇರವಾಗಿ ಅವಳ ಕಣ್ಣನ್ನೇ ನೋಡಿದ. "ಅಕ್ಕಾ, ನೀನೇನಾದ್ರೂ ಮೊದಲೇ ಕೊಟ್ಟಿದ್ದೆಯಾ?"

ಅಕ್ಕಾ. ಆ ಕರೆಗಾಗಿ ಅವಳು ಎಷ್ಟು ವರ್ಷ ಕಾದಿದ್ದಳೋ. ಚೀಲದೊಳಗಿದ್ದ ಅವಳ ಕೈಗೆ ಸಿರಿಂಜು ತಾಗುತ್ತಿತ್ತು. ಹೌದು ಎಂದರೆ ಮುಂದೆ ಬರುವ ಮಾತು ಅವಳಿಗೆ ಗೊತ್ತು: ಅಮ್ಮನ್ನೂ ಕೊಂದೆ, ಇದನ್ನೂ ಕೊಂದೆ. ಅಂದು ಸುಳ್ಳಾಗಿದ್ದ ಮಾತು ಇಂದು ನಿಜವಾಗಿತ್ತು. ಅವಳಿಗೆ ಭಯವಾಯಿತು, ಬೇರೇನೂ ಅಲ್ಲ, ಬರೀ ಭಯ.

"ಇಲ್ಲಪ್ಪ," ಎಂದಳು.

ಅವನು ನಂಬಿದ. ಯಾಕೆ ನಂಬಬಾರದು? ಅಕ್ಕ ಎಂಥವಳಾದರೂ ಸುಳ್ಳು ಹೇಳಿದವಳಲ್ಲ. ಮಾರನೆಯ ಬೆಳಿಗ್ಗೆ ಇಬ್ಬರೂ ಸೇರಿ ಹಿತ್ತಲಲ್ಲಿ ಮಣ್ಣು ಮಾಡಿದರು. ಅಲ್ಲಿಂದ ತಮ್ಮ ಮಾತಾಡತೊಡಗಿದ. ಕಟ್ಟೆ ಒಡೆದ ಹಾಗೆ ಮಾತು. "ಅಕ್ಕಾ, ಅವತ್ತು ಅಮ್ಮ ಹೋದಾಗ ಹಾಗೆ ಅನ್ನಬಾರದಿತ್ತು. ನೋಡು, ನನ್ನ ಕೈಯಲ್ಲೇ ಹೀಗಾಯ್ತು." ಅವಳು ತಲೆಯಾಡಿಸುತ್ತ ಬಟ್ಟೆಗೆ ಅಂಚು ಮಡಿಸುತ್ತಿದ್ದಳು. ದಿನಕ್ಕೆ ಹತ್ತು ಸಲ ನಿಜ ನಾಲಿಗೆಯ ತುದಿಗೆ ಬಂದು ಹಿಂದೆ ಸರಿಯುತ್ತಿತ್ತು.

ಎರಡು ವಾರದಲ್ಲಿ ಅವನು ಅಂಗಡಿಯ ಬಾಗಿಲು ಹಾಕಿದ. ಎರಡು ಗೆರೆ ಕಾಣದವನಿಗೆ ಯಾರು ವಾಚು ಕೊಡುತ್ತಾರೆ ಎಂದ. ಈಗ ಪ್ರತಿದಿನ ತಿಂಡಿಯಾದ ಮೇಲೆ ಕಿಟಕಿಯ ಬೆಳಕಿಗೆ ಬಂದು, ಅವಳ ಯಂತ್ರದ ಎದುರು ಬಲಗೈ ಚಾಚಿ ನಿಲ್ಲುತ್ತಾನೆ.

"ನೋಡಕ್ಕಾ, ನಡುಗುತ್ತಾ?"

ಕೈ ಕಲ್ಲಿನ ಹಾಗೆ ನಿಂತಿರುತ್ತದೆ. ನಡುಗುವುದಿಲ್ಲ ಎಂದರೆ, ಹಾಗಾದರೆ ಔಷಧಿ ಹೇಗೆ ಹೆಚ್ಚಾಯಿತು ಎಂದು ಅವನು ಕೇಳುತ್ತಾನೆ.

"ಸ್ವಲ್ಪ ನಡುಗುತ್ತೆ ಕಣೋ," ಎನ್ನುತ್ತಾಳೆ ಅಕ್ಕ.