ಮೇವಿಸಳ ಹಲಗೆ

ನಮ್ಮ ಅಳಿವೆಯಲ್ಲಿ ದೊಡ್ಡ ಸಾಮನ್ ಮೀನನ್ನು ಹಿಡಿಯುವುದು ಇಬ್ಬರ ಕೆಲಸ. ಒಬ್ಬರು ಹುಟ್ಟು ಹಾಕಬೇಕು; ಇನ್ನೊಬ್ಬರು ದೋಣಿಯ ಹಿಂದಿನ ಹಲಗೆಯ ಮೇಲೆ ಗಾಳದ ಕೋಲು ಹಿಡಿದು ಕೂರಬೇಕು. ಯಂತ್ರದ ದೋಣಿಗಳಿಗೆ ಇಲ್ಲಿ ಪ್ರವೇಶವಿಲ್ಲ. ಮೂವತ್ತು ಪೌಂಡು ದಾಟಿದ ಮೀನನ್ನು ಟೈಯಿ ಎನ್ನುತ್ತೇವೆ. ಅಂಥದು ದಡ ಸೇರಿ ತೂಕವಾದೊಡನೆ ಅಲ್ಲಿನ ತೂಕದ ಗುಡಿಸಲಿನ ಕಂಚಿನ ಗಂಟೆಯನ್ನು ಬಾರಿಸುತ್ತಾರೆ. ಅದರ ದನಿ ನೀರಿನ ಮೇಲೆ ಹಾಯ್ದು ಬಂದಾಗ, ದೋಣಿಗಳಲ್ಲಿದ್ದವರೆಲ್ಲ ಹುಟ್ಟುಗಳನ್ನು ನೀರಿನಿಂದ ಮೇಲೆತ್ತಿ ಒಂದು ಗಳಿಗೆ ಹಾಗೆಯೇ ಹಿಡಿದಿರುತ್ತಾರೆ.

ಹಾಲ್ವರ್ ಪ್ರಾಯದಿಂದ ಮುಪ್ಪಿನವರೆಗೆ ಹುಟ್ಟು ಹಾಕಿದವನು. ಕೋಲು ಅವನ ಹೆಂಡತಿ ಮೇವಿಸಳದು. ಹುಟ್ಟು ಹಾಕುವವನ ಮುಖ ದೋಣಿಯ ಹಿಂಭಾಗಕ್ಕಿರುವುದರಿಂದ, ಬೇಸಗೆಯ ಸಂಜೆಗಳಲ್ಲೆಲ್ಲ ಅವನು ನೋಡುತ್ತಿದ್ದುದು ಕಡಲನ್ನಲ್ಲ, ಅವಳನ್ನು. ಅವಳ ಭುಜದಾಚೆ ತಲೆದೂಗುವ ಕೋಲಿನ ತುದಿಯನ್ನು. ಕೊನೆಯ ಬೇಸಗೆಯಲ್ಲಿ ಅವಳ ಕೈ ಸೋತಿತ್ತು, ಗಂಟೆ ಅವಳಿಗಾಗಿ ಮೊಳಗಲಿಲ್ಲ. "ಬರೋ ವರ್ಷ ಹೊಡೆಸ್ತೀನಿ ಬಿಡು" ಎಂದಿದ್ದಳು. ಬರುವ ವರ್ಷಕ್ಕೆ ಅವಳು ಉಳಿಯಲಿಲ್ಲ.

ಅವಳ ಕೋಲಿಗೆ ಬಿದ್ದ ಮೀನಿಗಾಗಿ ಒಮ್ಮೆಯಾದರೂ ಗಂಟೆ ಬಾರಿಸಬೇಕು, ಆಮೇಲೆ ಕೋಲನ್ನು ಗೋಡೆಗೆ ತೂಗುಹಾಕಬೇಕು. ಹಾಲ್ವರ್‌ನ ಮನಸ್ಸಿನಲ್ಲಿದ್ದುದು ಇಷ್ಟೇ. ದೋಣಿಯ ಅಂಚಿಗೆ ಕಬ್ಬಿಣದ ಹಿಡಿಕೆಯೊಂದನ್ನು ತಿರುಪಿನಿಂದ ಬಿಗಿದು, ಅದರಲ್ಲಿ ಕೋಲನ್ನು ಸಿಕ್ಕಿಸಿ, ಒಬ್ಬನೇ ಹೋಗತೊಡಗಿದ. ಹಿಂಭಾಗ ಹಗುರಾಗಿ ದೋಣಿ ತನ್ನ ನಡಿಗೆಯನ್ನೇ ಮರೆತಿತ್ತು. ಅದಕ್ಕಾಗಿ ಗೋಣಿಚೀಲದಲ್ಲಿ ಬೆಣಚುಕಲ್ಲು ತುಂಬಿ ಹಿಂದಿನ ಹಲಗೆಯ ಮೇಲಿರಿಸಿದ. ಅವಳು ಕೂತಾಗ ದೋಣಿ ಎಷ್ಟು ನೀರಿಗಿಳಿಯುತ್ತಿತ್ತೋ ಅಷ್ಟೇ ಇಳಿಯುವವರೆಗೆ ಕಲ್ಲುಗಳನ್ನು ಹಾಕಿದ, ತೆಗೆದ, ಮತ್ತೆ ಹಾಕಿದ.

ನಮ್ಮಲ್ಲಿ ಯಾರನ್ನೂ ದೋಣಿಗೆ ಬಾ ಎಂದು ಬಾಯಿಬಿಟ್ಟು ಕರೆಯುವುದಿಲ್ಲ. ಹುಟ್ಟುಗಾರನು ದೋಣಿಯ ಹಿಂಭಾಗವನ್ನು ದಡದ ಕಟ್ಟೆಗೆ ತಾಗಿಸಿ ನಿಲ್ಲಿಸಿದರೆ ಹಲಗೆ ಖಾಲಿಯಿದೆಯೆಂದು ಅರ್ಥ; ಮುಂದಿನ ಮೂತಿಯನ್ನು ತಾಗಿಸಿದರೆ ಇಲ್ಲವೆಂದು. ಆ ಬೇಸಗೆಯುದ್ದಕ್ಕೂ ಹಾಲ್ವರ್ ಮೂತಿಯನ್ನೇ ತಾಗಿಸಿದ.

ಮೀನಿನ ಕಾಲ ಮುಗಿಯಲು ಕೆಲವೇ ದಿನಗಳಿದ್ದವು. ಕಟ್ಟೆಯ ಮೇಲೆ ಬರ್ನಿಸ್ ಚಹಾದ ಫ್ಲಾಸ್ಕನ್ನು ಪಕ್ಕದಲ್ಲಿಟ್ಟುಕೊಂಡು ಏಡಿಬಲೆಯ ಹರಕನ್ನು ಹೊಲಿಯುತ್ತಿದ್ದಳು. ಮೀನಿನ ಕಾರ್ಖಾನೆಯಲ್ಲಿ ಮೇವಿಸಳೊಂದಿಗೆ ದುಡಿದವಳು, ಪಕ್ಕದ ಮನೆಯವಳು, ತಾನೂ ಗಂಡನನ್ನು ಕಳೆದುಕೊಂಡವಳು.

"ಇವತ್ತೂ ಮೂತಿ ಈ ಕಡೆಗೇನಾ ಮಾರಾಯ? ನಿನ್ನ ದೋಣಿಗೆ ಹಿಂಭಾಗ ಇದೆ ಅನ್ನೋದೇ ಊರೋರಿಗೆ ಮರೆತುಹೋಗಿದೆ."

"ಇದೆ. ಅಲ್ಲಿ ಜಾಗ ಇಲ್ಲ."

"ಏನಿಟ್ಟಿದ್ದೀಯ ಆ ಚೀಲದಲ್ಲಿ, ಪಿಯಾನೋನಾ?"

ಹಾಲ್ವರ್ ಹಗ್ಗ ಬಿಚ್ಚತೊಡಗಿದ.

"ನೋಡು, ನನಗೂ ಕೋಲು ಹಿಡಿಯೋಕೆ ಬರುತ್ತೆ. ಮೇವಿಸಳಷ್ಟು ಚೆನ್ನಾಗಲ್ಲ. ಅವಳ ಥರ ನಿನ್ನ ಬೈಯೋಕೂ ಬರಲ್ಲ. ಸುಮ್ನೆ ಕೂತ್ಕೊಳ್ಳೋಕಂತೂ ಬರುತ್ತೆ."

"ನೀನು ಸುಮ್ನೆ ಕೂತಿದ್ದನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ, ಬರ್ನಿಸ್."

"ಅಭ್ಯಾಸ ಮಾಡ್ಕೋತೀನಿ ಕಣೋ."

"ಬೇಡ. ಇದು ನಾನೊಬ್ಬನೇ ಮಾಡ್ಬೇಕಾದ್ದು."

ಬರ್ನಿಸ್ ದಾರವನ್ನು ಹಲ್ಲಿನಿಂದ ಕಡಿದಳು. "ಮಾಡು ಹಾಗಾದ್ರೆ" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಹಾಲ್ವರ್‌ಗೆ ಅವಳು ಕೋಪಿಸಿಕೊಂಡಿದ್ದರೇ ವಾಸಿಯಿತ್ತು ಎನಿಸಿತು.

ಉಬ್ಬರ ಏರಿ ನಿಲ್ಲುವ ಹೊತ್ತು ಹತ್ತಿರವಾಗಿತ್ತು. ದೋಣಿಗಳು ಎಂದಿನಂತೆ ಒಂದರ ಹಿಂದೊಂದು ಮಡುವನ್ನು ಸುತ್ತುತ್ತಿದ್ದವು. ಹಾಲ್ವರ್ ತನ್ನ ಹಳೆಯ ಸ್ಥಾನದಲ್ಲಿ, ಕಿರಿಯ ಹುಟ್ಟುಗಾರ ಕ್ಲೈವ್‌ನ ದೋಣಿಯ ಹಿಂದೆ, ಸೇರಿಕೊಂಡ. ತಗಡಿನ ಗಾಳ ನೀರಿನಡಿ ಹೊರಳುತ್ತಿದ್ದಂತೆ ಕೋಲಿನ ತುದಿ ಒಂದೇ ಲಯದಲ್ಲಿ ತಲೆದೂಗುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಆ ಲಯ ಮಂಕಾಯಿತು.

"ಸೊಪ್ಪು ಸಿಕ್ಕಿದೆ ಅನ್ಸುತ್ತೆ. ಎಳೆದು ನೋಡು" ಎಂದ.

ಹಲಗೆಯ ಮೇಲಿನ ಚೀಲ ಅಲುಗಲಿಲ್ಲ. ಅವನು ಹುಟ್ಟುಗಳನ್ನು ಒಳಗೆಳೆದಿಟ್ಟು, ಮಂಡಿಯೂರಿ ಹಿಂದಕ್ಕೆ ತೆವಳಿ, ದಾರವನ್ನು ಸುತ್ತಿ, ಗಾಳಕ್ಕೆ ಹೆಣೆದುಕೊಂಡಿದ್ದ ಕಡಲಸೊಪ್ಪನ್ನು ಕಿತ್ತೆಸೆದು ಮರಳಿ ಕೂರುವಷ್ಟರಲ್ಲಿ ನೀರು ದೋಣಿಯನ್ನು ಸಾಲಿನಿಂದ ಆಚೆ ಒಯ್ದಿತ್ತು. ಮತ್ತೆ ಹುಟ್ಟು ಹಾಕಿ ಸಾಲಿಗೆ ಬಂದ. ಅವನ ಬೇಸಗೆ ಹೀಗೆಯೇ ಕಳೆದಿತ್ತು.

ಎರಡನೆಯ ಸುತ್ತಿನಲ್ಲಿ ಕೋಲು ಬಾಗಿತು.

ತಲೆದೂಗಲಿಲ್ಲ, ನಡುಗಲಿಲ್ಲ, ಯಾರೋ ಕೆಳಗಿನಿಂದ ಹಿಡಿದು ಜಗ್ಗಿದಂತೆ ನೀರಿನವರೆಗೂ ಬಾಗಿತು. ಆ ಕ್ಷಣದಲ್ಲಿ ಹಾಲ್ವರ್‌ನ ಮೈ ತಾನು ಕಲಿತದ್ದನ್ನೇ ಮಾಡಿತು. ಎಡಗೈಯ ಹುಟ್ಟನ್ನು ತಡೆದು ಬಲಗೈಯದನ್ನು ಎಳೆದು ದೋಣಿಯನ್ನು ತಿರುಗಿಸಿದ. ಕಾಲುಗಳನ್ನು ಅಡ್ಡಪಟ್ಟಿಗೆ ಒತ್ತಿ, ಬೆನ್ನನ್ನು ಚಾಚಿ, ಬಂಡೆಸಾಲಿನಿಂದ ದೂರಕ್ಕೆ, ಆಳದ ನೀರಿನತ್ತ ಹುಟ್ಟು ಹಾಕಿದ. ಮೀನು ಕಚ್ಚಿದಾಗ ಹುಟ್ಟುಗಾರನು ಮಾಡಬೇಕಾದುದು ಅದೇ. ಅವನಷ್ಟು ಬೇಗ ಅದನ್ನು ಮಾಡಬಲ್ಲವರು ಈ ಅಳಿವೆಯಲ್ಲಿ ಬೇರೆ ಇರಲಿಲ್ಲ. ಎಳೆಯುತ್ತ ಎಳೆಯುತ್ತ ಅವನು ಮೇವಿಸಳ ದನಿಗಾಗಿ ಕಾದ. 'ಎಳಿ ಹಾಲ್ವರ್, ನಿದ್ದೆ ಬಂತಾ' ಎಂಬ ಬೈಗುಳ ಬರಬೇಕಿತ್ತು. ಅದು ಬಂದ ಮೇಲೆ ಇನ್ನಷ್ಟು ಬಲ ಹಾಕುವುದು ಅವನ ರೂಢಿ.

ದಾರದ ರಾಟೆಯೊಂದೇ ಚೀರುತ್ತಿತ್ತು.

ದೂರದಲ್ಲಿ ನೀರು ಒಡೆಯಿತು. ಮೀನು ಮೈಯನ್ನು ಪೂರ್ತಿ ಹೊರಗೆಸೆದು ಬಿತ್ತು. ಅಷ್ಟು ಅಗಲದ ಬೆನ್ನನ್ನು ಅವನು ಮೇವಿಸಳ ಒಳ್ಳೆಯ ವರ್ಷಗಳಲ್ಲಿ ಮಾತ್ರ ಕಂಡಿದ್ದ. ಆಗ ಅವನಿಗೆ ಹಲಗೆ ಕಾಣಿಸಿತು, ಹಲಗೆಯ ಮೇಲಿನ ಚೀಲ ಕಾಣಿಸಿತು, ಹಿಡಿಯುವವರಿಲ್ಲದೆ ಹಿಡಿಕೆಯಲ್ಲಿ ನರಳುತ್ತಿದ್ದ ಕೋಲು ಕಾಣಿಸಿತು.

ಹುಟ್ಟುಗಳನ್ನು ಕೈಬಿಟ್ಟು ಹಿಂದಕ್ಕೆ ಧಾವಿಸಿದ. ಕೋಲನ್ನು ಕಿತ್ತು ಎದೆಗೊತ್ತಿ ಹಿಡಿದ. ಎಷ್ಟು ಬಿಡಬೇಕು, ಎಲ್ಲಿ ತಡೆಯಬೇಕು ಎಂಬುದು ಅವನ ಬೆರಳುಗಳಿಗೆ ತಿಳಿಯದು. ಅದನ್ನು ಬಲ್ಲ ಬೆರಳುಗಳನ್ನು ಅವನು ಎದುರಿನಿಂದ ನೋಡಿದ್ದನಷ್ಟೆ. ಹುಟ್ಟುಗಾರನಿಲ್ಲದ ದೋಣಿ ಅಡ್ಡಲಾಗಿ ತಿರುಗಿ ಸೊಪ್ಪಿನ ರಾಶಿಯತ್ತ ಸರಿಯಿತು. ಕೋಲು ಬಿಟ್ಟು ಹುಟ್ಟು ಹಿಡಿಯಲು ತಿರುಗಿದರೆ ಹುಟ್ಟೊಂದು ಆಗಲೇ ನೀರಿಗೆ ಜಾರಿತ್ತು. ದಾರ ಸೊಪ್ಪಿನೊಳಗೆ ಹೊಕ್ಕಿತು, ಬಿಗಿಯಿತು, ಆಮೇಲೆ ಸಡಿಲವಾಯಿತು.

ಕ್ಲೈವ್ ತೇಲಿಹೋಗುತ್ತಿದ್ದ ಹುಟ್ಟನ್ನು ಎತ್ತಿ ತಂದುಕೊಟ್ಟ.

"ದೊಡ್ಡದಿತ್ತಾ?"

"ಗಂಟೆ ಹೊಡೆಯೋವಷ್ಟಿತ್ತು."

ಕ್ಲೈವ್ ಹೋಗದೆ ದೋಣಿಯ ಅಂಚನ್ನು ಹಿಡಿದುಕೊಂಡೇ ಇದ್ದ. "ನಾನು ನೋಡ್ತಿದ್ದೆ ಹಾಲ್ವರಣ್ಣ. ದೋಣಿ ತಿರುಗಿಸಿದ್ದು, ಎಳೆದದ್ದು, ಒಂದೂ ತಪ್ಪಿಲ್ಲ. ಕೋಲು ಹಿಡಿಯೋರು ಇರ್ಲಿಲ್ಲ, ಅಷ್ಟೇ."

ಅದನ್ನು ಅವನು ಹೊಗಳಿಕೆಯೆಂದೇ ಹೇಳಿದ್ದ. ಹಾಲ್ವರ್ ತಲೆಯಾಡಿಸಿದ. ಆ ರಾತ್ರಿ ಅವನ ಮನೆಯಲ್ಲಿ ದೀಪ ಹತ್ತಲಿಲ್ಲವೆಂದು ಬರ್ನಿಸ್ ಆಮೇಲೆ ಹೇಳಿದಳು.

ಮೀನಿನ ಕಾಲದ ಕೊನೆಯ ದಿನ ಹಾಲ್ವರ್ ಅಂಚಿನ ಹಿಡಿಕೆಯ ತಿರುಪುಗಳನ್ನು ಬಿಚ್ಚಿದ. ಮರದಲ್ಲಿ ತೂತುಗಳು ಉಳಿದವು. ಚೀಲವನ್ನು ದಡಕ್ಕೆ ಹೊತ್ತು ತಂದು ಕಲ್ಲುಗಳನ್ನು ಸುರಿದ. ಸುರಿದ ಮೇಲೆ ಬಹಳ ಹೊತ್ತು ಆ ಪುಟ್ಟ ಗುಡ್ಡೆಯ ಬಳಿಯೇ ನಿಂತಿದ್ದ. ಅನಂತರ ದೋಣಿಯನ್ನು ತಂದು, ಅದರ ಹಿಂಭಾಗವನ್ನು ಕಟ್ಟೆಗೆ ತಾಗಿಸಿ, ಯಾರ ಕಡೆಗೂ ನೋಡದೆ ಕುಳಿತ.

ಏಡಿಬಲೆ ಕೆಳಗಿಟ್ಟ ಸದ್ದು ಕೇಳಿಸಿತು.

"ಪಿಯಾನೋ ಏನಾಯ್ತು?"

"ದಡಕ್ಕೆ ಸುರಿದೆ."

"ಇರು, ನನ್ನ ಕೋಲು ತರ್ತೀನಿ."

"ಬೇಡ." ಅವನು ಹಲಗೆಯ ಮೇಲಿದ್ದ ಕೋಲನ್ನು ತೋರಿಸಿದ. "ಅವಳದ್ದಿದೆ."

ಬರ್ನಿಸ್ ಇಳಿದು ಕುಳಿತಳು. ಮೇವಿಸಳಿಗಿಂತ ತೂಕದವಳು; ದೋಣಿಯ ಹಿಂಭಾಗ ಒಂದು ಬೆರಳಷ್ಟು ಹೆಚ್ಚು ನೀರಿಗಿಳಿಯಿತು. ಹುಟ್ಟುಗಳು ಹಳೆಯ ಅಳತೆಯಲ್ಲಿ ನೀರಿಗೆ ತಾಗಲಿಲ್ಲ. ಹಾಲ್ವರ್ ತನ್ನ ಕಾಲುಗಳನ್ನು ಒಂದು ಅಡ್ಡಪಟ್ಟಿ ಮುಂದಕ್ಕೆ ಸರಿಸಿಕೊಳ್ಳಬೇಕಾಯಿತು. ಎದುರಿಗೊಂದು ಮುಖವಿತ್ತು. ಅದು ಅವನಿಗೆ ಬೇಕಾದ ಮುಖವಲ್ಲವೆಂಬುದು ಇಬ್ಬರಿಗೂ ತಿಳಿದಿತ್ತು. ಬರ್ನಿಸ್ ಕೊಟ್ಟ ಮಾತಿನಂತೆ ಸುಮ್ಮನಿದ್ದಳು.

ಅರ್ಧ ಸುತ್ತು ಮುಗಿಯುವ ವೇಳೆಗೆ ದಡದಲ್ಲಿ ಗಂಟೆ ಮೊಳಗಿತು. ಯಾರದೋ ಮೀನು, ಯಾರದೋ ಕೋಲು. ಹಾಲ್ವರ್ ಎಲ್ಲರಂತೆ ಹುಟ್ಟುಗಳನ್ನು ಎತ್ತಿ ಹಿಡಿದ. ಅವುಗಳ ಅಂಚಿನಿಂದ ಹನಿಗಳು ತೊಟ್ಟಿಕ್ಕಿ ನಿಂತವು. ಆ ವರ್ಷ ಮೇವಿಸಳ ಕೋಲಿಗೆ ಗಂಟೆ ಇಲ್ಲವೆಂಬುದು ಅವನಿಗೆ ಆಗ ಸಂಪೂರ್ಣವಾಗಿ ತಿಳಿಯಿತು.

ಮತ್ತೆ ಹುಟ್ಟು ಹಾಕಿದ. ಕೋಲಿನ ತುದಿಯ ಲಯ ಮಂಕಾಯಿತು.

"ಸೊಪ್ಪು ಸಿಕ್ಕಿದೆ ಅನ್ಸುತ್ತೆ. ಎಳೆದು ನೋಡು" ಎಂದ.

ಬರ್ನಿಸ್ ಬೆನ್ನು ತಿರುಗಿಸಿ ದಾರವನ್ನು ಸುತ್ತತೊಡಗಿದಳು. ಈ ಸಲ ಅವನು ಹುಟ್ಟುಗಳನ್ನು ಕೆಳಗಿಡಲಿಲ್ಲ; ದೋಣಿ ಸಾಲು ತಪ್ಪಲಿಲ್ಲ.