ಮೇಷ್ಟ್ರ ಕತ್ತು

ರೋಗಿಯ ಮನೆಯ ಮುಂದೆ ಆಸ್ಪತ್ರೆಯ ವ್ಯಾನು ನಿಂತು ಬಹಳ ಹೊತ್ತಾದರೂ ಡಾಕ್ಟರು ಇಳಿಯಲಿಲ್ಲ. ಬ್ಯಾಗಿನ ಜಿಪ್ಪನ್ನು ಎಳೆದಳು, ಮುಚ್ಚಿದಳು, ಮತ್ತೆ ಎಳೆದಳು. ಜೊತೆಗೆ ಬಂದಿದ್ದ ನರ್ಸು ಪಕ್ಕದ ಬೀದಿಯ ಇನ್ನೊಬ್ಬ ರೋಗಿಯ ಹುಣ್ಣು ತೊಳೆಯಲು ಹೊರಟು ನಿಂತಿದ್ದಳು.

"ಇವತ್ತಾದ್ರೂ ಹೇಳ್ತೀರಾ?" ಎಂದಳು ನರ್ಸು.

"ಹೇಳ್ತೀನಿ."

"ಹೋದ ಸಲಾನೂ ಹಿಂಗೇ ಅಂದ್ರಿ. ಆಮೇಲೆ ಮಲಬದ್ಧತೆ ಬಗ್ಗೆ ಮಾತಾಡಿ, ಕಾಫಿ ಕುಡಿದು ಬಂದ್ರಿ."

ಹೇಳಬೇಕಾಗಿದ್ದ ಮಾತು ದೊಡ್ಡದೇನಲ್ಲ. ಆ ಮನೆಯ ಯಜಮಾನರು ಕಾರು ಕಲಿಸುವ ಕೆಲಸ ಮಾಡಿಕೊಂಡಿದ್ದವರು. ಬೀದಿಯವರಿಗೆಲ್ಲ ಡ್ರೈವಿಂಗ್ ಮೇಷ್ಟ್ರು. ಅವರ ಗಂಟಲಲ್ಲಿ ಕ್ಯಾನ್ಸರ್ ಗಡ್ಡೆ. ಆಪರೇಷನ್ ಆಗಿತ್ತು, ವಿಕಿರಣದ ಕರೆಂಟು ಕೊಡುವುದೂ ಮುಗಿದಿತ್ತು. ಆದರೂ ಗಡ್ಡೆ ಮತ್ತೆ ಬೆಳೆದು ಕತ್ತಿನ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡಿತ್ತು. ನಾಳದ ಗೋಡೆ ದಿನದಿನಕ್ಕೆ ಸವೆಯುತ್ತಿತ್ತು. ಅದು ಯಾವ ಗಳಿಗೆಯಲ್ಲಾದರೂ ಒಡೆಯಬಹುದು, ಒಡೆಯದೆಯೂ ಇರಬಹುದು. ಒಡೆದರೆ ರಕ್ತ ನಲ್ಲಿ ತಿರುಗಿಸಿದ ಹಾಗೆ ಬರುತ್ತದೆ, ಯಾರಿಂದಲೂ ನಿಲ್ಲಿಸಲಾಗುವುದಿಲ್ಲ, ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿಯುತ್ತದೆ. ಇದನ್ನು ಮೇಷ್ಟ್ರ ಹೆಂಡತಿಗೆ ಮೊದಲೇ ತಿಳಿಸಿ, ಆಗ ಏನು ಮಾಡಬೇಕೆಂದು ಹೇಳಿಕೊಡಬೇಕಿತ್ತು. ಅಷ್ಟೇ.

ಡಾಕ್ಟರು ವರ್ಷಗಟ್ಟಲೆ ತುರ್ತು ಚಿಕಿತ್ಸೆಯ ವಿಭಾಗದಲ್ಲಿ ದುಡಿದವಳು. ಅಲ್ಲಿ ರಕ್ತ ಕಂಡರೆ ಕೈ ತಾನಾಗಿ ಓಡುತ್ತಿತ್ತು: ಒತ್ತು, ಕಟ್ಟು, ಕೂಗು, ಚುಚ್ಚು. ಹೆದರಿಕೆ ಬರುತ್ತಿದ್ದುದು ಕೆಲಸ ಮುಗಿದು ಕೈ ತೊಳೆಯುವಾಗ. ವಾಸಿಯಾಗದವರ ನೋವು ತಗ್ಗಿಸುವ ಉಪಶಮನ ಚಿಕಿತ್ಸೆಯ ತಜ್ಞ ತರಬೇತಿಗೆ ಅವಳು ಸೇರಿದ್ದು ಯಾವ ದೊಡ್ಡ ಆದರ್ಶದಿಂದಲೂ ಅಲ್ಲ. ಓಡಿ ಓಡಿ ಸಾಕಾಗಿತ್ತು, ಸೀಟು ಸಿಕ್ಕಿತು, ಸೇರಿದಳು. "ಸಾಯೋರಿಗೆ ಇನ್ನೇನು ಡಾಕ್ಟ್ರು? ಹೋಗಿ ಹೋಗಿ ಇದನ್ನ ಓದ್ತಾರಾ?" ಎಂದು ಅತ್ತೆ ಕೇಳಿದಾಗ, "ಇಲ್ಲಿ ಆರಾಮ ಅತ್ತೆ, ಓಡೋದಿರಲ್ಲ" ಎಂದಿದ್ದಳು. ಇಲ್ಲಿ ಕೈಗಳಿಗೆ ಕೆಲಸವಿರಲಿಲ್ಲ. ಹಾಗಾಗಿ ಹೆದರಿಕೆ ಎಲ್ಲಕ್ಕಿಂತ ಮೊದಲು ಬಂದು ಕೂರುತ್ತಿತ್ತು.

ಉಪಶಮನ ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಇಂಥ ಮಾತುಗಳನ್ನು ಆಡುವುದನ್ನು ಅವರು ತರಗತಿಯಲ್ಲಿ ಅಭ್ಯಾಸ ಮಾಡಿಸುತ್ತಿದ್ದರು. ತಾವೇ ರೋಗಿಯ ಹೆಂಡತಿಯಾಗಿ ಸ್ಟೂಲಿನ ಮೇಲೆ ಕೂತು, "ಹೇಳಮ್ಮ, ಏನೋ ಹೇಳ್ಬೇಕು ಅಂದ್ಯಲ್ಲ" ಎನ್ನುವರು. ಅವಳ ಮಾತು ಮಾತ್ರೆಗಳ ಲೆಕ್ಕಕ್ಕೆ ಹೊರಳುತ್ತಿತ್ತು.

"ಹೇಳಿದ್ರೆ ನಾವೇ ಹೆದರಿಸಿದ ಹಾಗಾಗಲ್ವಾ ಮೇಡಂ?" ಎಂದು ಒಮ್ಮೆ ಕೇಳಿದ್ದಳು.

"ಹೆದರ್ತಾಳೆ. ಹೇಳದೇ ಇದ್ರೂ ಹೆದರ್ತಾಳೆ. ಆದ್ರೆ ಆ ಹೊತ್ತಿಗೆ ಏನು ಮಾಡ್ಬೇಕು ಅಂತ ಗೊತ್ತಿಲ್ದೆ, ಒಬ್ಳೇ ಹೆದರ್ತಾಳೆ. ಯಾವುದು ವಾಸಿ ನೀನೇ ನೋಡು."

ಕೊನೆಗೂ ವ್ಯಾನಿನಿಂದ ಇಳಿದಳು.

ಮೇಷ್ಟ್ರು ಮುಂದಿನ ಕೋಣೆಯಲ್ಲಿ, ಕಬ್ಬಿಣದ ಮಂಚದ ಮೇಲೆ, ಎರಡೂ ಪಕ್ಕ ದಿಂಬು ಒತ್ತಿಕೊಂಡು ನೆಟ್ಟಗೆ ಕೂತಿದ್ದರು. ಉಸಿರಾಟಕ್ಕೆಂದು ಗಂಟಲಿಗೆ ಕೊಳವೆ ಹಾಕಿತ್ತು. ಎದುರು ಗೋಡೆಯನ್ನೇ ನೋಡುತ್ತಿದ್ದರು. ಯಾವಾಗ ಬಂದರೂ ಹಾಗೆಯೇ. ಬಾಗಿಲು ಸದ್ದಾದರೆ ಕಣ್ಣು ಮಾತ್ರ ಇತ್ತ ಹೊರಳುತ್ತಿತ್ತು, ತಲೆ ಅಲುಗುತ್ತಿರಲಿಲ್ಲ. ನೋವಿರಬೇಕೆಂದು ಅವಳು ಮಾರ್ಫಿನ್ ಹೆಚ್ಚಿಸಿ ನೋಡಿದ್ದಳು. ಮೇಷ್ಟ್ರು ತೂಕಡಿಸಿದರೇ ಹೊರತು ಕತ್ತು ಸಡಿಲಿಸಲಿಲ್ಲ.

ಅಡುಗೆಮನೆಯಲ್ಲಿ ಅವರ ಹೆಂಡತಿ ಮಿಕ್ಸಿಯ ಜಾರು ತೊಳೆಯುತ್ತಿದ್ದರು.

"ಅಕ್ಕ, ಸ್ವಲ್ಪ ಕೂತ್ಕೊಂಡು ಮಾತಾಡೋಣ್ವಾ?"

ಜಾರಿನೊಳಗೆ ಕೈಯಿಟ್ಟುಕೊಂಡೇ ಆಕೆ ತಿರುಗಿದರು. "ಡಾಕ್ಟ್ರು ಕೂತ್ಕೊಂಡು ಮಾತಾಡೋಣ ಅಂದ್ರೆ ಅದು ಒಳ್ಳೆ ಸುದ್ದಿ ಆಗಿರಲ್ಲ. ನಿಂತ್ಕೊಂಡೇ ಹೇಳಿಬಿಡಿ."

ಹೇಳಿದಳು. ಮಾತು ತುಂಡುತುಂಡಾಗಿ ಬಂತು. ಗಾಢ ಬಣ್ಣದ ದಪ್ಪ ಕಂಬಳಿಯೊಂದು ಹಾಸಿಗೆಯ ಹತ್ತಿರವೇ ಇರಲಿ, ಬಿಳಿ ಬಟ್ಟೆಯ ಮೇಲೆ ರಕ್ತ ನೋಡಿದರೆ ಅವರೂ ಹೆದರುತ್ತಾರೆ, ನೀವೂ ಹೆದರುತ್ತೀರಿ ಎಂದಳು. ನಿದ್ದೆ ಬರಿಸುವ ಇಂಜೆಕ್ಷನ್ನನ್ನು ಪೆಟ್ಟಿಗೆಯಲ್ಲಿಟ್ಟು ಹೋಗುತ್ತೇನೆ, ತೊಡೆಗೆ ಚುಚ್ಚುವುದನ್ನು ನರ್ಸು ಕಲಿಸುತ್ತಾಳೆ ಎಂದಳು. ಓಡಾಡಬೇಡಿ, ಯಾರನ್ನೋ ಕರೆಯಲು ಹೊರಗೆ ಹೋಗಬೇಡಿ, ಪಕ್ಕದಲ್ಲೇ ಇರಿ ಎಂದಳು.

"ಯಾವಾಗ ಆಗುತ್ತೆ?"

"ಗೊತ್ತಿಲ್ಲ ಅಕ್ಕ. ಆಗದೇನೂ ಇರ್ಬಹುದು."

"ನಿಮಗೇ ಗೊತ್ತಿಲ್ದೇ ಇರೋದನ್ನ ನನ್ನ ತಲೆಗೆ ಯಾಕೆ ತುರುಕ್ತಿದೀರಿ?" ಆಕೆಯ ದನಿ ಏರಿತು. "ಇನ್ಮೇಲೆ ನಾನು ಅವರ ಹತ್ರ ಹೋಗೋದು ಹೆಂಗೆ? ಕೆಮ್ಮಿದ್ರೆ ಸಾಕು, ಜೀವ ಬಾಯಿಗೆ ಬರುತ್ತೆ. ಹೊರಡಿ ನೀವು. ಇಂಥ ಮಾತಾಡೋಕೆ ಇನ್ನೊಂದ್ಸಲ ನಮ್ಮನೆ ಮೆಟ್ಟಿಲು ಹತ್ತಬೇಡಿ."

ಆಗ ಮುಂದಿನ ಕೋಣೆಯಿಂದ ಟಣ್ ಟಣ್ ಎಂದು ಸದ್ದು ಬಂತು. ಮೇಷ್ಟ್ರು ಚಮಚದಿಂದ ಮಂಚದ ಕಂಬಿಗೆ ಹೊಡೆಯುತ್ತಿದ್ದರು.

ಇಬ್ಬರೂ ಓಡಿದರು. ಮೇಷ್ಟ್ರು ಗೋಡೆಯನ್ನೇ ನೋಡುತ್ತ ಕೊಳವೆಯ ಬಾಯಿಗೆ ಬೆರಳಿಟ್ಟರು. ಹಾಗೆ ಮುಚ್ಚಿದರೆ ಮಾತ್ರ ಅವರಿಗೆ ದನಿ ಬರುತ್ತಿತ್ತು, ಕಾಗದ ಹರಿದಂಥ ದನಿ.

"ಅಡುಗೆಮನೆ ಗೋಡೆ ತೆಳು, ಡಾಕ್ಟ್ರೇ."

ಡಾಕ್ಟರು ಅಡುಗೆಮನೆಯ ಕಡೆ ತಿರುಗಿ ನೋಡಿದಳು.

"ನನಗೆ ಮೊದ್ಲೇ ಗೊತ್ತು," ಎಂದು ಮೇಷ್ಟ್ರು ಉಸಿರು ತೆಗೆದುಕೊಂಡರು. ಸ್ಕ್ಯಾನಿಂಗ್ ಮಾಡಿದ ದಿನ ಅವರು ನಿದ್ದೆಹೋಗಿದ್ದಾರೆಂದುಕೊಂಡು ಇಬ್ಬರು ಡಾಕ್ಟರುಗಳು ತಲೆಯ ಮೇಲೇ ಮಾತಾಡಿಕೊಂಡಿದ್ದರಂತೆ: ಈ ನಾಳ ಹೋಗುವುದಕ್ಕೆ ಒಂದು ಜರ್ಕು ಸಾಕು ಎಂದು. ಅವತ್ತಿನಿಂದ ಅವರು ಕತ್ತು ತಿರುಗಿಸಿರಲಿಲ್ಲ. ಕೂತೇ ನಿದ್ದೆ ಮಾಡುತ್ತಿದ್ದರು. ಸೀನು ಬಂದರೆ ಮೂಗು ಹಿಡಿದುಕೊಳ್ಳುತ್ತಿದ್ದರು. "ಇವಳು ಎಡಗಡೆ ಕೂತ್ರೆ ಬರೀ ಮಾತು ಕೇಳುತ್ತೆ. ಮುಖ ಕಾಣಲ್ಲ. ಕೇಳಿದ್ರೆ ಹೆದರ್ತಾಳೆ ಅಂತ ಹೇಳ್ಲಿಲ್ಲ."

ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಒದ್ದೆ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಡಾಕ್ಟರು ಮಂಚದ ಅಂಚಿನಲ್ಲಿ ಕೂತಳು. "ಕತ್ತು ತಿರುಗಿಸಿದ್ರೆ ಅದು ಒಡೆಯಲ್ಲ ಮೇಷ್ಟ್ರೇ. ಒಡೆಯೋದಿದ್ರೆ ನೀವು ಕಲ್ಲಿನ ಹಾಗೆ ಕೂತಿದ್ರೂ ಒಡೆಯುತ್ತೆ. ಮೆಲ್ಲಗೆ ತಿರುಗಿಸಿ, ಏನೂ ಆಗಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ."

ಹೇಳಿದ ಮರುಕ್ಷಣ ಅವಳಿಗೇ ಅನುಮಾನ ಬಂತು. ಓದಿದ್ದು, ಕೇಳಿದ್ದು ಎಲ್ಲ ಸರಿ. ಆದರೆ ಇದೇ ಗಳಿಗೆಗೆ ಒಡೆದರೆ? ತನ್ನ ಮಾತು ಕೇಳಿಯೇ ಒಡೆದರೆ? ಬೇಡ ಎಂದು ತಡೆಯಲು ಕೈ ಎತ್ತುವಷ್ಟರಲ್ಲಿ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ತಲೆಯನ್ನು ತುಸುತುಸುವಾಗಿ ಬಾಗಿಲ ಕಡೆಗೆ ಹೊರಳಿಸತೊಡಗಿದ್ದರು. ಅವಳು ಅವರ ಕತ್ತಿನ ಬ್ಯಾಂಡೇಜನ್ನೇ ನೋಡುತ್ತಿದ್ದಳು. ತಲೆ ಪೂರ್ತಿ ಹೊರಳಿತು. ಏನೂ ಆಗಲಿಲ್ಲ. ಮೇಷ್ಟ್ರು ಕಣ್ಣು ಬಿಟ್ಟು ಹೆಂಡತಿಯನ್ನು ನೋಡಿದರು, ನೋಡುತ್ತಲೇ ಇದ್ದರು.

"ತಲೆಕೂದ್ಲು ಎಷ್ಟು ಬೆಳ್ಳಗಾಗಿದೆಯೇ ನಿಂಗೆ," ಎಂದರು.

"ಆಗದೆ ಇನ್ನೇನ್ರೀ," ಎಂದು ಆಕೆ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತರು.

ಹೊರಡುವಾಗ ಮೇಷ್ಟ್ರು ಡಾಕ್ಟರ ಕೈ ಹಿಡಿದು ನಿಲ್ಲಿಸಿದರು. "ನೋವಾಗುತ್ತಾ?"

"ನೋವಾಗಲ್ಲ. ಭಯ ಆಗುತ್ತೆ. ಅದಕ್ಕೇ ಇಂಜೆಕ್ಷನ್. ನಿದ್ದೆ ಬಂದ್ಬಿಡುತ್ತೆ."

ಮೆಟ್ಟಿಲು ಹತ್ತಬೇಡಿ ಎಂದಿದ್ದ ಹೆಂಡತಿ ಗೇಟಿನವರೆಗೂ ಬಂದು, ಮತ್ತೆ ಯಾವಾಗ ಬರುತ್ತೀರಿ ಎಂದು ಕೇಳಿದರು.

ಆಮೇಲಿನ ದಿನಗಳಲ್ಲಿ ಅವಳ ಫೋನು ಅವಳಿಗೆ ಶತ್ರುವಾಯಿತು. ರಿಂಗಾದರೆ ನಂಬರು ನೋಡದೆ ಎತ್ತುತ್ತಿರಲಿಲ್ಲ. ಮಗಳ ಶಾಲೆಯಲ್ಲಿ ಟೀಚರು ಅಂಕಗಳ ಬಗ್ಗೆ ಹೇಳುತ್ತಿದ್ದಾಗ ಮೇಷ್ಟ್ರ ಮನೆಯ ನಂಬರು ಬಂತು. ಕೂತಲ್ಲೇ ಎತ್ತಿಕೊಂಡಳು. "ಡಾಕ್ಟ್ರೇ, ಅಂಗಡೀಲಿದೀನಿ. ಕಪ್ಪು ಕಂಬಳಿ ಇಲ್ವಂತೆ. ಕಡುಗೆಂಪು ಆಗುತ್ತಾ?" ಎಂದರು ಆಕೆ.

"ಕಡುಗೆಂಪು ಇನ್ನೂ ಒಳ್ಳೇದು," ಎಂದಳು ಡಾಕ್ಟರು. ಅವಳ ಮುಖ ನೋಡಿ ಟೀಚರು ನೀರಿನ ಲೋಟ ಮುಂದಿಟ್ಟರು. ಮಗಳ ಗಣಿತದ ಅಂಕಕ್ಕೆ ತಾಯಿ ಇಷ್ಟು ಕಂಗೆಟ್ಟಳೆಂದು ಅವರು ತಿಳಿದಿರಬೇಕು.

ಅದಾದದ್ದು ಬಿಸಿಲೇರಿದ ಒಂದು ಬೆಳಿಗ್ಗೆ. ನರ್ಸು ಎಂದಿನಂತೆ ಪಕ್ಕದ ಬೀದಿಗೆ ಹೋಗಿದ್ದಳು, ಡಾಕ್ಟರು ಮೇಷ್ಟ್ರ ಮಂಚದ ಪಕ್ಕದಲ್ಲಿದ್ದಳು. ಮೇಷ್ಟ್ರು ಗೆಲುವಾಗಿದ್ದರು. ಕೊಳವೆಗೆ ಬೆರಳಿಟ್ಟುಕೊಂಡು, ಬ್ರೇಕೆಂದು ಆಕ್ಸಿಲರೇಟರ್ ಒತ್ತಿ ಕಾರನ್ನು ಕ್ಷೌರದಂಗಡಿಯೊಳಗೆ ನುಗ್ಗಿಸಿದ ಶಿಷ್ಯನೊಬ್ಬನ ಕಥೆ ಹೇಳುತ್ತಿದ್ದರು. "ಅರ್ಧ ಗಡ್ಡ ಬೋಳಿಸ್ಕೊಂಡಿದ್ದ ಒಬ್ಬ ಎದ್ದು ಓಡ್ದ ನೋಡಿ..." ಎಂದು ನಗತೊಡಗಿದರು. ನಗು ಕೆಮ್ಮಾಯಿತು. ಬ್ಯಾಂಡೇಜಿನಲ್ಲಿ ಬೊಟ್ಟಿನಷ್ಟು ಕೆಂಪು ಕಂಡಿತು. ಅವಳು ಮುಂದೆ ಬಗ್ಗಿದಳು. ಮರುಕ್ಷಣ ನಾಳ ಒಡೆಯಿತು.

ಅವಳ ಕೈಗಳು ಹಳೆಯ ಚಾಳಿಯಂತೆ ಕತ್ತಿನತ್ತ ಹಾರಿದವು. ಒತ್ತು, ಕೂಗು, ಆಂಬುಲೆನ್ಸು ಕರೆಸು ಎಂದು ತಲೆಯೊಳಗೆ ಯಾರೋ ಅರಚುತ್ತಿದ್ದರು. ಮೇಷ್ಟ್ರ ಕಣ್ಣುಗಳು ಅಗಲವಾಗಿ ತೆರೆದು ಅವಳನ್ನೇ ನೋಡುತ್ತಿದ್ದವು. ಅಷ್ಟು ಭಯವನ್ನು ಅವಳು ಯಾವ ಮುಖದಲ್ಲೂ ಕಂಡಿರಲಿಲ್ಲ. ಓಡಿಬಿಡಬೇಕು ಅನ್ನಿಸಿತು. ನಿಜಕ್ಕೂ ಕಾಲು ಒಂದು ಹೆಜ್ಜೆ ಹಿಂದಕ್ಕೆ ಹೋಯಿತು.

"ಇಂಜೆಕ್ಷನ್ ಡಾಕ್ಟ್ರೇ!" ಹೆಂಡತಿ ಕಿರುಚಿದರು. ಕಂಬಳಿ ಆಗಲೇ ಅವರ ಕೈಯಲ್ಲಿತ್ತು. ಅದನ್ನು ಗಂಡನ ಎದೆಗೂ ಕತ್ತಿಗೂ ಒತ್ತಿ ಹಿಡಿದು, ಮಂಚದ ಮೇಲೆ ಮಂಡಿಯೂರಿ, ಅವರ ಮುಖವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

ಪೆಟ್ಟಿಗೆ ತೆರೆದಳು. ಸೂಜಿಯ ಮುಚ್ಚಳ ಜಾರುತ್ತಿತ್ತು. ಹಲ್ಲಿನಿಂದ ಕಚ್ಚಿ ಎಳೆದಳು. ಪಂಚೆಯ ಮೇಲಿಂದಲೇ ತೊಡೆಗೆ ಚುಚ್ಚಿ ಪೂರ್ತಿ ಒತ್ತಿದಳು. ಆಮೇಲೆ ಮಾಡಲು ಏನೂ ಉಳಿದಿರಲಿಲ್ಲ. ಅವರ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ಇಲ್ಲೇ ಇದೀವಿ ಮೇಷ್ಟ್ರೇ. ನಿದ್ದೆ ಬರುತ್ತೆ ಈಗ. ಇಲ್ಲೇ ಇದೀವಿ."

"ನನ್ನ ನೋಡ್ರೀ," ಎನ್ನುತ್ತಿದ್ದರು ಹೆಂಡತಿ. "ರೀ, ನನ್ನ ನೋಡಿ. ನನ್ನೊಬ್ಬಳನ್ನೇ ನೋಡಿ."

ಮೇಷ್ಟ್ರು ನೋಡಿದರು. ಕಣ್ಣಿನ ಭಯ ನಿಧಾನಕ್ಕೆ ಮಸುಕಾಯಿತು. ರೆಪ್ಪೆ ಭಾರವಾಗಿ ಇಳಿಯಿತು. ಕೈಯ ಹಿಡಿತ ಸಡಿಲವಾಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಉಸಿರೂ ನಿಂತಿತು.

ಸುದ್ದಿ ತಿಳಿದು ಮೇಷ್ಟ್ರ ತಮ್ಮ ಓಡಿಬಂದ. ಕೋಣೆ ನೋಡಿದವನೇ ಡಾಕ್ಟರ ಮೇಲೆ ಏರಿಹೋದ. "ಪಕ್ಕದಲ್ಲೇ ಡಾಕ್ಟ್ರು ಇದ್ದು ಆಸ್ಪತ್ರೆಗೂ ಸಾಗಿಸ್ಲಿಲ್ವಾ? ಕೈ ಹಿಡ್ಕೊಂಡು ಕೂತಿದ್ರಾ? ಬಿಡಲ್ಲ ನಾನು, ಕಂಪ್ಲೇಂಟ್ ಕೊಡ್ತೀನಿ!"

ಅವನು ಹೇಳುವುದೇ ಸರಿಯಿರಬಹುದೇ ಎಂದು ಡಾಕ್ಟರಿಗೆ ಅನ್ನಿಸಿತು.

"ಬಾಯಿ ಮುಚ್ಚು," ಎಂದರು ಅತ್ತಿಗೆ. ಕೈಗಳು ಮೊಣಕೈವರೆಗೂ ಕೆಂಪಾಗಿದ್ದವು. "ಸಾಗಿಸಿದ್ರೆ ನಿಮ್ಮಣ್ಣ ದಾರೀಲಿ ಸಾಯ್ತಿದ್ರು. ನನ್ನ ಮುಖ ನೋಡ್ಕೊಂಡು ಹೋದ್ರು. ನೀನು ಇರ್ಲಿಲ್ಲ, ನಿನಗೆ ಗೊತ್ತಿಲ್ಲ."

ಮೈದುನ ಗೋಡೆಗೆ ತಲೆಯಿಟ್ಟು ಅಳತೊಡಗಿದ. ಅವಳು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು.

ಮಧ್ಯಾಹ್ನ ದೊಡ್ಡ ಮೇಡಂ ಮುಂದೆ ನಿಂತು, "ನನ್ನಿಂದ ಈ ಕೋರ್ಸ್ ಆಗಲ್ಲ ಮೇಡಂ. ಕಾಲು ಹಿಂದಕ್ಕೆ ಹೋಯ್ತು, ಓಡ್ಹೋಗ್ತಿದ್ದೆ," ಎಂದಳು.

ಮೇಡಂ ಎಲ್ಲವನ್ನೂ ಮೊದಲಿನಿಂದ ಹೇಳಿಸಿ ಕೇಳಿಸಿಕೊಂಡರು. "ಓಡ್ಹೋದ್ಯಾ?"

"ಇಲ್ಲ."

"ಹಾಗಾದ್ರೆ ಊಟ ಮಾಡು ಮೊದ್ಲು. ಬಿಡೋ ಮಾತು ನಾಳೆ ಆಡೋಣ. ನಾನೂ ಇರ್ತೀನಿ."

ಮರುದಿನ ವಾರ್ಡಿನಲ್ಲಿ ಇನ್ಯಾರದೋ ಉಬ್ಬಸ ಹೆಚ್ಚಾಗಿತ್ತು. ಆ ಮಾತು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮೇಷ್ಟ್ರ ತಮ್ಮ ದೂರು ಕೊಡಲಿಲ್ಲ. ಆದರೆ ಅವಳಿಗೆ ಯಾರಾದರೂ ಕೆಮ್ಮಿದರೆ ಬೆಚ್ಚಿಬೀಳುವುದು ಅಂಟಿಕೊಂಡಿತು.

ಕೆಲವು ವಾರಗಳ ಮೇಲೆ, ಆಸ್ಪತ್ರೆಯಿಂದ ಕೊಟ್ಟಿದ್ದ ಕಫ ತೆಗೆಯುವ ಯಂತ್ರವನ್ನೂ ಉಳಿದ ಮಾತ್ರೆಗಳನ್ನೂ ಹಿಂದಿರುಗಿಸಲು ಮೇಷ್ಟ್ರ ಹೆಂಡತಿ ಬಂದರು. ಸೊರಗಿದ್ದರು. ರಸೀದಿ ತೆಗೆದುಕೊಂಡ ಮೇಲೂ ಹೋಗದೆ ಬೆಂಚಿನ ತುದಿಯಲ್ಲಿ ಕೂತರು.

"ಆ ರೂಮಿಗೆ ನಾನಿನ್ನೂ ಕಾಲಿಟ್ಟಿಲ್ಲ ಡಾಕ್ಟ್ರೇ. ಯಂತ್ರಾನೂ ಮೈದುನನ ಕೈಲೇ ತೆಗೆಸ್ದೆ. ಹಿತ್ತಿಲ ಬಾಗಿಲಿಂದ ಓಡಾಡ್ತಿದೀನಿ. ಒಳಗೆ ಹೋಗೋಕೆ ಹೆದರಿಕೆ ಆಗುತ್ತೆ."

"ನನಗೂ," ಎಂದಳು ಡಾಕ್ಟರು. "ಆ ಬೀದಿಗೆ ವ್ಯಾನ್ ಹೋದ್ರೆ ಮುಖ ಆ ಕಡೆ ತಿರುಗಿಸ್ಕೊಳ್ತೀನಿ."

ಆಕೆ ಅವಳನ್ನು ದಿಟ್ಟಿಸಿ ನೋಡಿದರು. "ನಿಮಗೂನಾ?"

"ನನಗೂ ಅಕ್ಕ."

"ಹಾಗಾದ್ರೆ ಬರ್ತೀರಾ? ಒಬ್ಳಿಗೆ ಆಗಲ್ಲ ನನಗೆ."

ಬರುವುದಿಲ್ಲ ಎನ್ನಲು ಹತ್ತು ಕಾರಣಗಳಿದ್ದವು. ಅವಳು ಕೋಟು ಕಳಚಿ ಕುರ್ಚಿಯ ಮೇಲೆ ಹಾಕಿ ಎದ್ದಳು.

ಕೋಣೆಯ ಬಾಗಿಲ ಹೊರಗೆ ಇಬ್ಬರೂ ನಿಂತರು. ಯಾರೂ ಮೊದಲು ಚಿಲಕ ಮುಟ್ಟಲಿಲ್ಲ. ಕೊನೆಗೆ ಮೇಷ್ಟ್ರ ಹೆಂಡತಿ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಬಾಗಿಲು ನೂಕಿದರು. ಮುಗ್ಗಲು ವಾಸನೆ ಹೊರಗೆ ಬಂತು. ಮೈದುನ ಎಲ್ಲ ತೊಳೆಸಿ, ಹಾಸಿಗೆ ಎತ್ತಿಸಿದ್ದ, ಬರೀ ಮಂಚವಿತ್ತು.

"ಕಿಟಕಿ ತೆಗೀಲಾ?" ಎಂದಳು ಡಾಕ್ಟರು.

"ತೆಗೀರಿ. ಕೈ ಮಾತ್ರ ಬಿಡ್ಬೇಡಿ."

ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡೇ ಇಬ್ಬರೂ ಗೋಡೆಗುಂಟ ಕಿಟಕಿಯವರೆಗೆ ನಡೆದರು.