ಏಳನೇ ನಿಯಮ

ಸ್ಪರ್ಧೆ ಶುರುವಾಗಿ ನಾಲ್ಕು ದಿನವಾಗಿತ್ತು. ಅಷ್ಟರಲ್ಲೇ ಅವಳಿಗೆ ಜನರ ಮೇಲಿನ ಪ್ರೀತಿಯೆಲ್ಲ ಆರಿಹೋಗಿತ್ತು. ಭಾವನ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ, ಅಂಟಿನ ವಾಸನೆ ಮತ್ತು ಕಟಿಂಗ್ ಮೆಷಿನ್ನಿನ ಸದ್ದಿನ ನಡುವೆ ಕೂತು, ಬೆಳಿಗ್ಗೆಯಿಂದ ಬಂದ ಒಂಬತ್ತು ದೂರುಗಳನ್ನು ಓದಿ ಮುಗಿಸಿದಳು. ಅದರಲ್ಲಿ ಆರು ಹದ್ದಿನವು.

ಹದ್ದು ಅಂದರೆ ಒಬ್ಬ ಸ್ಪರ್ಧಿ. ಸೈಟಿನಲ್ಲಿ ಅವನು ಇಟ್ಟುಕೊಂಡ ಹೆಸರೇ ಅದು. ತನ್ನ ಆಟದ ಮೇಲೆ ಅವನಿಗೆಷ್ಟು ಗಮನವಿತ್ತೋ ಗೊತ್ತಿಲ್ಲ, ಉಳಿದ ಮೂವತ್ತು ಜನರ ಮೇಲಂತೂ ಕಣ್ಣಲ್ಲಿ ಕಣ್ಣಿಟ್ಟಿದ್ದ.

ಭಾವ ಬೋರ್ಡ್ ಆಟಗಳ ಪೆಟ್ಟಿಗೆ, ಕಾರ್ಡು ಅಚ್ಚುಹಾಕುವವನು. ಪ್ರತಿ ವರ್ಷ ಹೊಸ ಆಟಗಳಿಗೆ ಸ್ಪರ್ಧೆ ಇಡುತ್ತಿದ್ದ. ಎಲ್ಲರೂ ತಮ್ಮ ಆಟವನ್ನು ಸೈಟಿಗೆ ಹಾಕಬೇಕು. ಹತ್ತು ದಿನ ಒಬ್ಬರ ಆಟ ಇನ್ನೊಬ್ಬರು ಮನೆಯಲ್ಲಿ ಅಚ್ಚುಹಾಕಿಕೊಂಡು ಆಡಿ, ಕೆಳಗೆ ಅಭಿಪ್ರಾಯ ಬರೆಯಬೇಕು. ಒಬ್ಬೊಬ್ಬರು ಐದು ಆಟವನ್ನಾದರೂ ಆಡಲೇಬೇಕು. ಒಳ್ಳೆಯ ಅಭಿಪ್ರಾಯ ಬಂದ ಹತ್ತು ಆಟ ತೀರ್ಪುಗಾರರ ಮೇಜಿಗೆ ಹೋಗುತ್ತವೆ. ಗೆದ್ದದ್ದು ಪೆಟ್ಟಿಗೆಯಾಗಿ ಅಂಗಡಿಗೆ ಬರುತ್ತದೆ. ಮಿಕ್ಕಿದ್ದನ್ನು ಯಾರೂ ತಿರುಗಿ ನೋಡುವುದಿಲ್ಲ.

ಇದೆಲ್ಲ ಜಗಳವಿಲ್ಲದೆ ನಡೆಯಲೆಂದು ಹದಿನಾಲ್ಕು ನಿಯಮ ಬರೆದವಳು ಅವಳೇ. ಇಪ್ಪತ್ತಾರು ವರ್ಷಕ್ಕೇ ಸ್ಪರ್ಧಿಗಳ ಬಾಯಲ್ಲಿ ‘ನಿಯಮದಜ್ಜಿ’ ಆಗಿದ್ದಳು. ಏಳನೆಯದು ಹೀಗಿತ್ತು: ಆ ಹತ್ತು ದಿನ ಯಾರೂ ತಮ್ಮ ಆಟದ ಕೆಳಗೆ ತಾವೇ ಏನನ್ನೂ ಬರೆಯಕೂಡದು. ಒಂದು ಸಾಲು ಬರೆದರೂ ಆ ಆಟ ಪಟ್ಟಿಯ ಮೇಲ್ತುದಿಗೆ ಬಂದು ಕೂರುತ್ತಿತ್ತು, ತುದಿಯಲ್ಲಿದ್ದದ್ದನ್ನೇ ಜನ ಆಡುತ್ತಿದ್ದರು. ಹಿಂದಿನ ವರ್ಷ ಒಬ್ಬ ದಿನಕ್ಕೆ ಹತ್ತು ಸಲ ‘ಓಹೋ’ ಎಂದು ಬರೆದೇ ಗೆದ್ದಿದ್ದ. ಅದಕ್ಕೇ ಮೂರು ಸಲ ತಪ್ಪಿದರೆ ಹೊರಗೆ.

ಈ ನಿಯಮಕ್ಕೆ ಸಿಕ್ಕಿಬಿದ್ದವನು ಕಳ್ಳನಾಗಿದ್ದರೆ ಅವಳಿಗೆ ಸುಖವಾಗಿರುತ್ತಿತ್ತು. ಸಿಕ್ಕಿಬಿದ್ದವನು ಲಿಫ್ಟ್ ಮೆಕ್ಯಾನಿಕ್. ಐವತ್ತು ದಾಟಿದವನು. ಆರು ವರ್ಷ ಕೂತು ‘ಎಂಟು ಮಹಡಿ’ ಅಂತ ಒಂದು ಆಟ ಮಾಡಿದ್ದ. ಎಲ್ಲರಿಗೂ ಸೇರಿ ಒಂದೇ ಲಿಫ್ಟು, ಒಳಗಿರುವವರಲ್ಲಿ ಹೆಚ್ಚು ಜನ ಎಲ್ಲಿಗೆ ಹೇಳುತ್ತಾರೋ ಅಲ್ಲಿಗೇ ಅದು ಹೋಗುವುದು. ತನ್ನ ಪ್ರಯಾಣಿಕನನ್ನು ಇಳಿಸಬೇಕಾದರೆ ಪಕ್ಕದವನನ್ನು ಪುಸಲಾಯಿಸಬೇಕು. ಅವಳು ಭಾವನ ಕೆಲಸಗಾರರ ಜೊತೆ ಆಡಿ ನೋಡಿದ್ದಳು. ಮೂವತ್ತೊಂದು ಆಟಗಳಲ್ಲಿ ಎರಡನೇ ಸಲ ಆಡೋಣ ಅಂತ ಕೆಲಸಗಾರರು ತಾವಾಗಿ ಕೇಳಿದ್ದು ಅದೊಂದನ್ನೇ.

ಯಾರೋ ಅವನ ಆಟದ ಕೆಳಗೆ, ಕಾರ್ಡಿನ ಅಕ್ಷರ ಚಿಕ್ಕದಾಯಿತು ಎಂದು ಬರೆದರು. ಅವನು ಕೂಡಲೇ, ನಮಸ್ಕಾರ, ನಿಮ್ಮ ಮಾತು ಸರಿ, ತಿದ್ದುತ್ತೇನೆ ಎಂದು ಬರೆದ. ಅವಳು ಅಲ್ಲೇ ಕೆಳಗೆ, ಸಿದ್ಧವಾಗಿಟ್ಟಿದ್ದ ಕೆಂಪಕ್ಷರದ ಎಚ್ಚರಿಕೆ ಹಾಕಿದಳು. ಮಾರನೇ ದಿನ ಇನ್ನೊಬ್ಬರು ಹೊಗಳಿದರು, ಇವನು ಧನ್ಯವಾದ ಹೇಳಿದ. ಎರಡನೇ ಎಚ್ಚರಿಕೆ. ಅದನ್ನು ಓದಿದವನು ಸುಮ್ಮನಿದ್ದಿದ್ದರೆ ಗೆದ್ದಿದ್ದ. ತಪ್ಪು ತಿಳಿಸಿಕೊಟ್ಟಿದ್ದಕ್ಕೆ ಉಪಕಾರವಾಯಿತು, ಇನ್ನು ಮುಂದೆ ಬರೆಯುವುದಿಲ್ಲ ಎಂದು ಆ ಎಚ್ಚರಿಕೆಯ ಕೆಳಗೇ ಬರೆದುಬಿಟ್ಟ.

ಲೆಕ್ಕದಲ್ಲಿ ಅದು ಮೂರನೇ ತಪ್ಪು. ಅವಳಿಗೋ ಗಂಟಲಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆಮೇಲೆ, ಯಾರೂ ನೋಡಿರಲಾರರು ಅಂದುಕೊಂಡು, ಮೆಲ್ಲಗೆ ಅಳಿಸಿದಳು.

ಅರ್ಧ ಗಂಟೆ ಕಳೆದಿರಲಿಲ್ಲ. ಲಿಫ್ಟ್ ಮೆಕ್ಯಾನಿಕ್ ಮತ್ತೆ ಬರೆದಿದ್ದ. ‘ನೆಟ್ ತೊಂದರೆಯಿಂದ ನನ್ನ ಉತ್ತರ ಹೋಗಿಲ್ಲವೆಂದು ಕಾಣುತ್ತದೆ. ತಪ್ಪು ತಿಳಿಸಿಕೊಟ್ಟಿದ್ದಕ್ಕೆ ಉಪಕಾರವಾಯಿತು.’

ಹದ್ದಿನ ಏಳನೇ ದೂರು ಈ ಸಲ ನೇರ ಭಾವನಿಗೇ ಹೋಗಿತ್ತು. ಅಳಿಸಿದ ಸಾಲಿದ್ದ ಪರದೆಯ ಚಿತ್ರವನ್ನೂ ಅವನು ಮೊದಲೇ ತೆಗೆದಿಟ್ಟುಕೊಂಡಿದ್ದ. ಭಾವ ಕೈಗೆ ಮೆತ್ತಿದ ಶಾಯಿಯನ್ನು ಬಟ್ಟೆಗೆ ಒರೆಸುತ್ತ ಬಾಗಿಲಲ್ಲಿ ಬಂದು ನಿಂತ. ಬೈಯಲಿಲ್ಲ. ಒಬ್ಬರಿಗೆ ಬೆಣ್ಣೆ ಒಬ್ಬರಿಗೆ ಸುಣ್ಣ ಅಂತ ಜನ ಆಡಿಕೊಳ್ಳುತ್ತಾರೆ, ಮುಂದಿನ ವರ್ಷ ಯಾರೂ ಬರುವುದಿಲ್ಲ ಅಂದ.

“ನಿಯಮ ಬರೆದವಳು ನೀನು. ಪಾಪ ಅನ್ನೋದಾದ್ರೆ ಬರೆಯೋಕೆ ಮುಂಚೆ ಅನ್ನಬೇಕಿತ್ತು.”

ಅವನು ಹೇಳಿದ್ದು ಸರಿಯಾಗಿತ್ತು. ಅವಳು ಪ್ರವೇಶದ ಅರ್ಜಿಯಲ್ಲಿ ನಂಬರ್ ಹುಡುಕಿ ಫೋನ್ ಮಾಡಿದಳು.

ಲಿಫ್ಟ್ ಮೆಕ್ಯಾನಿಕ್ ಯಾವುದೋ ಕಟ್ಟಡದ ಮೇಲಿನ ಮೆಷಿನ್ ಕೋಣೆಯಲ್ಲಿದ್ದ. ಮೋಟರ್ ನಿಲ್ಲಿಸುತ್ತೇನೆ, ಒಂದು ನಿಮಿಷ ಎಂದ. ಸದ್ದು ಅಡಗಿತು. ಅವಳು ಹೇಳಬೇಕಾದ್ದನ್ನು ಹೇಳಿದಳು. ಅವನು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡ.

“ಮಾತಾಡಿಸಿದವರಿಗೆ ಉತ್ತರ ಕೊಡದೆ ಇರೋದು ಕೆಟ್ಟ ನಡತೆ ಅಂದ್ಕೊಂಡಿದ್ದೆ ನೋಡಮ್ಮ. ನಿಮ್ಮಲ್ಲಿ ಉಲ್ಟಾ.”

“ನಿಯಮದಲ್ಲಿ ಬರೆದಿತ್ತು ಸರ್.”

“ಓದಿದ್ದೆ. ಬೇರೆಯವರ ಜೊತೆ ಜಗಳ ಆಡಬಾರದು ಅಂತ ಇರಬೇಕು ಅಂದ್ಕೊಂಡೆ. ಧನ್ಯವಾದಕ್ಕೂ ಸೇರುತ್ತೆ ಅಂತ ಹೊಳೀಲಿಲ್ಲ.”

“ನಿಮ್ಮ ಆ ಉತ್ತರ ಮೊದಲ ಸಲವೇ ಬಂದಿತ್ತು. ನಾನೇ ಅಳಿಸಿದೆ. ನೀವು ಉಳೀಲಿ ಅಂತ.”

ಅವನು ಅಂದ: “ಆಗಲೇ ಒಂದು ಫೋನ್ ಮಾಡಬಹುದಿತ್ತಲ್ಲಮ್ಮ.”

ಮಾಡಬಹುದಿತ್ತು. ನಂಬರ್ ನಾಲ್ಕು ದಿನದಿಂದ ಅವಳ ಎದುರಿಗೇ ಇತ್ತು. ಒಬ್ಬನಿಗೆ ಮಾಡಿದರೆ ಮೂವತ್ತೊಂದು ಜನಕ್ಕೂ ಮಾಡಬೇಕಾಗುತ್ತದೆ ಅಂತ ಅವಳು ಮಾಡಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು.

ಹೊರಗೆ ಅಂದರೆ ಹೊರಗೆ, ಇರಲಿ ಬಿಡಿ ಅಂದ ಅವನು. ಐದರಲ್ಲಿ ನಾಲ್ಕು ಆಟ ಆಡಿ ಬರೆದಿದ್ದೇನೆ, ಐದನೆಯದನ್ನು ಜೊತೆಯವರೊಡನೆ ಊಟದ ಹೊತ್ತಲ್ಲಿ ಆಡುತ್ತಿದ್ದೇನೆ, ಅದರ ಕೆಳಗೆ ಬರೆಯಬಹುದೇ ಎಂದು ಕೇಳಿದ. ಇನ್ನು ಬೇಕಾಗಿಲ್ಲ ಸರ್ ಎಂದಳು.

“ಬೇಕಾ ಅಂತ ಕೇಳಲಿಲ್ಲಮ್ಮ. ಬರೆಯಬಹುದಾ ಅಂತ ಕೇಳಿದೆ.”

ಅವಳು ಹದಿನಾಲ್ಕು ನಿಯಮಗಳನ್ನೂ ಮೇಲಿಂದ ಕೆಳಗೆ ನೋಡಿದಳು. ಬರೆಯಬಹುದು ಎಂದಳು.

‘ಎಂಟು ಮಹಡಿ’ಯನ್ನು ಪಟ್ಟಿಯಿಂದ ತೆಗೆಯಲು ಎರಡು ಸಲ ಒತ್ತಿದರೆ ಸಾಕಾಗಿತ್ತು. ಜೊತೆಗೆ ಒಂದು ಪ್ರಕಟಣೆ ಹಾಕಿದಳು: ಇಂಥ ಆಟ ಹೊರಗೆ, ಇಂಥ ಮಾತು ಅಳಿಸಿದ್ದು ನನ್ನ ತಪ್ಪು. ಹದ್ದು ಅದಕ್ಕೊಂದು ಮೆಚ್ಚುಗೆಯ ಹೆಬ್ಬೆರಳು ಒತ್ತಿದ.

ಮಾರನೇ ದಿನ ಮಧ್ಯಾಹ್ನ ಲಿಫ್ಟ್ ಮೆಕ್ಯಾನಿಕ್‌ನ ಐದನೇ ಅಭಿಪ್ರಾಯ ಬಂತು. ಅದು ಹದ್ದು ಮಾಡಿದ ಕೋಟೆ ಆಟದ ಮೇಲೆ. ‘ನಮಸ್ಕಾರ. ನಾಲ್ವರು ಸೇರಿ ಆರು ಸಲ ಆಡಿದೆವು. ಸೇತುವೆಯನ್ನು ಮೊದಲು ಹಿಡಿದವರೇ ಆರು ಸಲವೂ ಗೆದ್ದರು. ಸೇತುವೆ ಹಿಡಿಯಲು ಎರಡು ಕಲ್ಲು ಹೆಚ್ಚು ಕೇಳಿದರೆ ಸರಿಹೋಗಬಹುದು. ಚಿತ್ರಗಳು ಚೆನ್ನಾಗಿವೆ.’ ಅಷ್ಟೇ. ಅದನ್ನು ಓದಿದ ಇಬ್ಬರು ತಾವೂ ಆಡಿ ನೋಡಿ, ಹೌದು, ಸೇತುವೆ ಹಿಡಿದರೆ ಆಟ ಮುಗಿದಂತೆಯೇ ಎಂದು ಕೆಳಗೆ ಸೇರಿಸಿದರು.

ಸಂಜೆಯೊಳಗೆ ಹದ್ದಿನ ದೂರು ಬಂತು. ಹೊರಗೆ ಹಾಕಿಸಿಕೊಂಡವನ ಅಭಿಪ್ರಾಯ ಲೆಕ್ಕಕ್ಕೆ ಬರಬಾರದು, ತಕ್ಷಣ ತೆಗೆಯಬೇಕು. ಭಾವನಿಗೂ ಒಂದು ಪ್ರತಿ. ಭಾವ ಮೆಷಿನ್ ಆರಿಸಿ ಬಂದು, ಅವನು ಹೇಳುವುದರಲ್ಲೂ ಅರ್ಥ ಇದೆಯಲ್ಲ ಎಂದು ಗೊಣಗಿದ.

“ಹಾಗಂತ ನಿಯಮ ಇಲ್ಲ ಭಾವ.”

“ಇಲ್ಲ ಅಂದ್ರೆ ಈಗ ಒಂದು ಬರಿ. ಐದು ನಿಮಿಷದ ಕೆಲಸ.”

“ಮುಂದಿನ ವರ್ಷ ಬರೆಯೋರು ಬರೀಲಿ,” ಎಂದಳು ಅವಳು. ಅಭಿಪ್ರಾಯ ಉಳಿಯುತ್ತದೆ, ತೆಗೆಯಲು ನಿಯಮವಿಲ್ಲ ಎಂದು ಹದ್ದಿಗೆ ಒಂದೇ ಸಾಲಿನ ಉತ್ತರ ಕಳಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಎದ್ದಳು.